ಮೊದಲ ತಟ್ಟೆ

ಗುಲಾಮ್ ಹುಸೇನನಿಗೆ ಸಾಯಲು ಇಷ್ಟವಿರಲಿಲ್ಲ. ಯಾರಿಗೆ ತಾನೇ ಇಷ್ಟ ಎಂದು ನೀವು ನಗಬಹುದು. ಆದರೆ ಉಳಿದವರಿಗೆಲ್ಲ ಸಾವು ಎಂದೋ ಒಂದು ದಿನ ಬರುವ ನೆಂಟ. ಅವನಿಗೆ ಮಾತ್ರ ಅದು ಬರುವ ವಯಸ್ಸು ಗೊತ್ತಿತ್ತು. ಅವನ ಮನೆಯ ಗಂಡಸರಲ್ಲಿ ಒಬ್ಬರೂ ಐವತ್ತು ದಾಟಿರಲಿಲ್ಲ. ಅಜ್ಜ ದಾಟಲಿಲ್ಲ, ದೊಡ್ಡಪ್ಪ ದಾಟಲಿಲ್ಲ. ಅಪ್ಪ ಅಬ್ದುಲ್ ಅಜೀಜ್ ಸಾಹೇಬರು ಐವತ್ತಕ್ಕೆ ಇನ್ನೊಂದೇ ರಂಜಾನ್ ಬಾಕಿ ಅನ್ನುವಾಗ, ಹೋಟೆಲಿನ ಬಾಗಿಲ ಪಕ್ಕದ ಬೆಂಚಿನ ಮೇಲೆ, ಕೈಯಲ್ಲಿ ಬಿರಿಯಾನಿಯ ತಟ್ಟೆ ಹಿಡಿದುಕೊಂಡೇ ಹೋಗಿಬಿಟ್ಟಿದ್ದರು.

ಆ ತಟ್ಟೆಯ ವಿಷಯ ಮೊದಲು ಹೇಳಬೇಕು. ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು ಅವರದು ಸಣ್ಣ ಹೋಟೆಲು. ಮುಂದೆ ಬೆಂಚುಗಳು, ಹಿಂದೆ ಮನೆ, ನಡುವಿನ ಬಾಗಿಲಿಗೆ ಹಳೇ ಲುಂಗಿಯನ್ನು ಹೊಲಿದು ಮಾಡಿದ ಒಂದು ಪರದೆ. ಅಡುಗೆಯೆಲ್ಲ ಮನೆಯೊಳಗೇ. ಅಜೀಜ್ ಸಾಹೇಬರು ಹೋಟೆಲು ಇಟ್ಟ ಹೊಸತರಲ್ಲಿ, ಬಸ್‌ಸ್ಟ್ಯಾಂಡಿನ ಹೋಟೆಲುಗಳಲ್ಲಿ ಹಳಸಿದ ಮಾಂಸ ಹಾಕುತ್ತಾರೆ ಅಂತ ಊರಲ್ಲಿ ಒಂದು ಮಾತು ಎದ್ದಿತ್ತಂತೆ. ಸಾಹೇಬರು ವಾದಕ್ಕೆ ಹೋಗಲಿಲ್ಲ. ಮಧ್ಯಾಹ್ನ ಪಾತ್ರೆಯ ಮುಚ್ಚಳ ತೆಗೆದ ಕೂಡಲೆ ಮೊದಲ ತಟ್ಟೆಯನ್ನು ತಾನೇ ಬಡಿಸಿಕೊಂಡು, ಎಲ್ಲರಿಗೂ ಕಾಣುವ ಹಾಗೆ ಬಾಗಿಲ ಬೆಂಚಿನ ಮೇಲೆ ಕೂತು, ತುಪ್ಪ ಒಸರುವ ಅನ್ನವನ್ನೂ ಕೊಬ್ಬಿನ ತುಂಡುಗಳನ್ನೂ ಒಂದಗುಳು ಬಿಡದೆ ಉಂಡು, ಮೂಳೆಯನ್ನು ಚೀಪಿ ತಟ್ಟೆಯ ಅಂಚಿಗೆ ಇಟ್ಟರು. ಆಮೇಲೆ ಗಿರಾಕಿಗೆ. ಅವತ್ತಿನಿಂದ ಅದೇ ಪದ್ಧತಿಯಾಯಿತು. ಯಜಮಾನ ಉಣ್ಣದೆ ಯಾರೂ ತಟ್ಟೆಗೆ ಕೈ ಹಾಕುತ್ತಿರಲಿಲ್ಲ. "ಅಜೀಜ್ ಸಾಬ್ರು ಕೈ ತೊಳೆದ್ರಾ?" ಎಂದು ಕೇಳಿದರೆ ಮಧ್ಯಾಹ್ನ ಆಯಿತೇ ಎಂದು ಕೇಳಿದ ಹಾಗೆ.

ಅಪ್ಪ ಸತ್ತ ಮೇಲೆ ಆ ಬೆಂಚೂ ಆ ತಟ್ಟೆಯೂ ಗುಲಾಮ್ ಹುಸೇನನ ಪಾಲಿಗೆ ಬಂದವು. ವರ್ಷಗಟ್ಟಲೆ ಅವನೂ ಉಂಡ. ಆದರೆ ನಲವತ್ತು ಕಳೆದ ಮೇಲೆ ಒಂದು ವಿಚಿತ್ರ ಶುರುವಾಯಿತು. ಉಣ್ಣಲು ಕೂತರೆ ಬೆಂಚಿನ ಇನ್ನೊಂದು ತುದಿ ಸ್ವಲ್ಪ ಕುಸಿದ ಹಾಗಾಗುತ್ತಿತ್ತು, ಯಾರೋ ಬಂದು ಪಕ್ಕದಲ್ಲಿ ಕೂತ ಹಾಗೆ. ತಿರುಗಿ ನೋಡಿದರೆ ಯಾರೂ ಇಲ್ಲ. ತಟ್ಟೆಗೆ ಕಣ್ಣು ಹಾಕಿದರೆ ಅನ್ನ ಕಲಸುತ್ತಿರುವ ಕೈ ತನ್ನದೆಂದು ಅನ್ನಿಸುತ್ತಿರಲಿಲ್ಲ. ಅದೇ ದಪ್ಪ ಬೆರಳು, ಅದೇ ಉಗುರು, ಬೆರಳ ಸಂದಿಯಿಂದ ಮಣಿಕಟ್ಟಿಗೆ ಇಳಿಯುವ ಅದೇ ತುಪ್ಪ. ಅಪ್ಪನ ಕೈ, ಅಬ್ಬಾನ ಕೈ. ಆ ಕೈ ತನ್ನ ಬಾಯಿಗೆ ತುತ್ತು ಇಡುತ್ತಿದೆ ಅನ್ನಿಸಿ ಅವನಿಗೆ ಹೆದರಿಕೆಯಾಗುತ್ತಿತ್ತು. ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ ಒಂದು ದಿನ ಅಕ್ಕಿಮೂಟೆ ಎತ್ತುವಾಗ ಅವನ ಎದೆ ಹಿಡಿದುಕೊಂಡಿತು. ಹೆಂಡತಿ ಜಹೀರಾ ಓಡಿಬಂದು ನೀರು ಕುಡಿಸಿದಳು. ಆಸ್ಪತ್ರೆಗೆ ಆಗಷ್ಟೇ ಹೊಸ ಡಾಕ್ಟರು ಬಂದಿದ್ದರು, ಇನ್ನೂ ಎಳೆ ವಯಸ್ಸು. ಎದೆಗೆ ಕೊಳವೆ ಇಟ್ಟು ನೋಡಿ, ಮನೆತನದ ಕತೆ ಕೇಳಿ, ಸಪ್ಪೆ ಮುಖ ಮಾಡಿಕೊಂಡರು. ತುಪ್ಪ, ಕೊಬ್ಬು ಬಿಡಬೇಕು. ಸೊಪ್ಪು, ತರಕಾರಿ, ಹಣ್ಣು ಹೆಚ್ಚು ತಿನ್ನಬೇಕು. ದಿನಾ ಬೆಳಿಗ್ಗೆ ಸ್ವಲ್ಪ ನಡೆಯಬೇಕು. ಇಷ್ಟೇ ಔಷಧ ಎಂದರು. ಇಷ್ಟು ಮಾಡಿದರೆ ಐವತ್ತು ದಾಟುತ್ತೇನಾ ಎಂದು ಕೇಳಿದ ಗುಲಾಮ್ ಹುಸೇನ್. ಯಾಕೆ ದಾಟೋದಿಲ್ಲ ಎಂದರು ಡಾಕ್ಟರು. ಅವನು ಆ ಮಾತನ್ನು ತಾಯಿತದ ಹಾಗೆ ಕಟ್ಟಿಕೊಂಡು ಮನೆಗೆ ಬಂದ.

ನಡೆಯುವುದೇನೋ ಸರಿ, ಆದರೆ ಆ ಕಾಲದಲ್ಲಿ ಕೊಪ್ಪದಲ್ಲಿ ಸುಮ್ಮನೆ ನಡೆಯುವುದು ಎಂಬುದೇ ಇರಲಿಲ್ಲ. ದಾರಿಯಲ್ಲಿ ಒಬ್ಬ ಮನುಷ್ಯ ಕಂಡನೆಂದರೆ ಅವನು ಎಲ್ಲಿಗೋ ಹೊರಟಿರಬೇಕು. ಎಲ್ಲಿಗೆ ಎಂದು ಕೇಳುವುದು ಎದುರು ಬಂದವರ ಹಕ್ಕು. ಮೊದಲ ದಿನ ಬೆಳಗಿನ ನಮಾಜು ಮುಗಿಸಿ ಜಯಪುರದ ರಸ್ತೆಯಲ್ಲಿ ಕೈಬೀಸಿಕೊಂಡು ಹೊರಟವನನ್ನು ಸಿಕ್ಕವರೆಲ್ಲ ನಿಲ್ಲಿಸಿ ಕೇಳಿದರು. ಎಲ್ಲಿಗೂ ಇಲ್ಲ ಎಂದು ಅವನು ಹೇಳಿದ್ದಕ್ಕೆ, ಮನೆಯಲ್ಲಿ ಜಗಳವೇ ಎಂದು ವಿಚಾರಿಸಿದರು. ಮಾರನೆಯ ದಿನದಿಂದ ಅವನು ಒಂದು ಖಾಲಿ ಚೀಲ ಹಿಡಿದು ಹೊರಟ. ಚೀಲ ಕಂಡರೆ ಜನಕ್ಕೆ ಸಮಾಧಾನ. ಚೀಲ ಹಿಡಿದ ಮೇಲೆ ಖಾಲಿ ತರುವುದು ಹೇಗೆ? ದಾರಿಯಲ್ಲಿ ಸೊಪ್ಪು ಮಾರುವ ಸೀತಕ್ಕನ ಹತ್ತಿರ ಬಸಳೆ, ಹರಿವೆ, ನುಗ್ಗೆಸೊಪ್ಪು ತೆಗೆದುಕೊಳ್ಳುತ್ತಿದ್ದ. ಸಂತೆಯ ದಿನ ಪಪ್ಪಾಯಿ, ಬಾಳೆಹಣ್ಣು, ಕಾಫಿತೋಟದ ಕಿತ್ತಳೆ. ಬಿರಿಯಾನಿ ಹೋಟೆಲಿನ ಸಾಬರು ಚೀಲದ ತುಂಬ ಬಸಳೆ ಹೊತ್ತುಕೊಂಡು ಬರುವುದನ್ನು ನೋಡಿ ಬಸ್‌ಸ್ಟ್ಯಾಂಡು ಬಿದ್ದು ಬಿದ್ದು ನಕ್ಕಿತು.

ನಗಲಿ, ಅದಕ್ಕೆ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ತಲೆ ಕೆಟ್ಟದ್ದು ಮೊದಲ ತಟ್ಟೆಯಿಂದ. ಅದನ್ನು ಉಣ್ಣುವುದು ನಿಲ್ಲಿಸಿದ ವಾರದಲ್ಲೇ ಗಿರಾಕಿಗಳು ಒಬ್ಬೊಬ್ಬರಾಗಿ ಮೇಲಿನ ಪೇಟೆಯ ಹೋಟೆಲಿಗೆ ಹೋಗತೊಡಗಿದರು. ಬಸರೀಕಟ್ಟೆಗೆ ಜೀಪು ಓಡಿಸುವ ತಿಮ್ಮಣ್ಣ, ಅಜೀಜ್ ಸಾಹೇಬರ ಕಾಲದಿಂದಲೂ ಇಲ್ಲಿ ಉಂಡವನು, ತಟ್ಟೆಯನ್ನು ಮುಂದೆ ಇಟ್ಟುಕೊಂಡು ಸುಮ್ಮನೆ ಕೂತುಬಿಟ್ಟ. "ನೀವೇ ತಿನ್ನದಿದ್ದ ಮೇಲೆ ನಾವು ಹೆಂಗೆ ತಿನ್ನೋದು ಮಾರಾಯ್ರೆ?" ಎಂದ. ತಮಾಷೆಗೆ ಹೇಳಿದ್ದಲ್ಲ. ಡಾಕ್ಟರ ಮಾತು ಹೇಳಿದರೆ ಇನ್ನೂ ಕೆಟ್ಟಿತು. ಸಾಬರ ಎದೆ ಕೆಡಿಸಿದ್ದು ಅವರದೇ ಬಿರಿಯಾನಿಯಂತೆ ಎಂದು ಊರು ಆಡಿಕೊಂಡಿತು.

ದಾರಿ ಹುಡುಕಿದ್ದು ಜಹೀರಾ. ಅವಳು ಶೃಂಗೇರಿ ಆಚೆಯ ಕೆರೆಕಟ್ಟೆಯವಳು, ಕಾಡಿನಲ್ಲಿ ಮರ ಕೊಯ್ಯುವವನ ಮಗಳು. ಮಾತು ಕಡಿಮೆ. ಅವರಿಗೆ ಮಕ್ಕಳಾಗಿರಲಿಲ್ಲ. ಹೋಟೆಲಿನ ಅಡುಗೆಯೆಲ್ಲ ಅವಳ ಕೈಯದು, ಮತ್ತು ಗಂಡ ಉಂಡೆದ್ದ ಮೇಲೆ ಅವಳ ಊಟ. ಏನು ಉಣ್ಣುತ್ತಾಳೆ, ಎಷ್ಟು ಉಣ್ಣುತ್ತಾಳೆ ಎಂದು ಅವನು ನೋಡಿದವನಲ್ಲ. ನೋಡಬೇಕು ಅಂತ ಅವನಿಗೆ ಹೊಳೆದೂ ಇರಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದವಳು ಆ ದಿನ ಹೇಳಿದಳು:

"ತಟ್ಟೆ ಒಳಗೆ ತನ್ನಿ. ಹೊರಗೆ ಧೂಳು, ಒಳಗೆ ಕೂತು ಉಣ್ತೇನೆ ಅಂತ ಹೇಳಿ. ಖಾಲಿ ತಟ್ಟೆ ನಾನು ಕೊಡ್ತೇನೆ."

ಹಾಗೇ ಆಯಿತು. ದಿನಾ ಮಧ್ಯಾಹ್ನ ಗುಲಾಮ್ ಹುಸೇನ್ ಎಲ್ಲರ ಎದುರು ಮೊದಲ ತಟ್ಟೆಯನ್ನು ಎತ್ತಿಕೊಂಡು ಪರದೆ ಸರಿಸಿ ಒಳಗೆ ಹೋಗುತ್ತಿದ್ದ. ತಟ್ಟೆಯನ್ನು ಜಹೀರಾಳ ಕೈಗೆ ಕೊಟ್ಟು ಹಿತ್ತಲ ಬಾಗಿಲಲ್ಲಿ ಹೊರಗಿನ ಪಪ್ಪಾಯಿ ಮರದ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಬಳೆಯ ಸದ್ದು. ಅವನು ಕೈಯನ್ನು ಹಿಂದಕ್ಕೆ ಚಾಚಿದರೆ ಖಾಲಿ ತಟ್ಟೆ ಕೈಗೆ ಬರುತ್ತಿತ್ತು, ಅಂಚಿನಲ್ಲಿ ಮೂಳೆಗಳು, ಥೇಟ್ ಅಪ್ಪ ಇಡುತ್ತಿದ್ದ ಹಾಗೆ. ಬಾಯಿ ಒರೆಸಿಕೊಳ್ಳುತ್ತ ಅದನ್ನು ಹೊರಗೆ ತರುತ್ತಿದ್ದ. ತಿಮ್ಮಣ್ಣ ಮೂಳೆ ನೋಡಿ ತೃಪ್ತಿಯಿಂದ ಕೈ ತೊಳೆಯಲು ಏಳುತ್ತಿದ್ದ. ವಾರ ಕಳೆಯುವುದರೊಳಗೆ ಹೋದ ಗಿರಾಕಿಗಳೆಲ್ಲ ವಾಪಸು ಬಂದರು.

ಆ ಅನ್ನ ಎಲ್ಲಿಗೆ ಹೋಗುತ್ತದೆ ಎಂದು ಅವನು ಕೇಳಲಿಲ್ಲ. ಬೆಕ್ಕಿಗೆ ಹಾಕುತ್ತಾಳೆ ಎಂದುಕೊಂಡ. ಭಿಕ್ಷುಕರಿಗೆ ತೆಗೆದಿಡುತ್ತಾಳೆ ಎಂದುಕೊಂಡ. ಅನ್ನ ಚೆಲ್ಲುವುದು ಆ ಮನೆಯಲ್ಲಿ ಪಾಪ, ಅದು ಅವನಿಗೆ ಗೊತ್ತಿತ್ತು. ಬೆಕ್ಕು ಮೂಳೆಯನ್ನು ತಟ್ಟೆಯ ಅಂಚಿಗೆ ಜೋಡಿಸಿಡುವುದಿಲ್ಲ ಎಂಬುದೂ ಗೊತ್ತಿತ್ತು. ಒಂದು ದಿನ ಅಕಸ್ಮಾತ್ತಾಗಿ ತಿರುಗಿದಾಗ ಅವಳ ತುಟಿ ತುಪ್ಪದಿಂದ ಹೊಳೆಯುತ್ತಿರುವುದು ಕಾಣಿಸಿತು. ಅವನು ಕೂಡಲೇ ಮುಖ ತಿರುಗಿಸಿಕೊಂಡ. ಮನುಷ್ಯನಿಗೆ ಬೇಡವಾದದ್ದು ಕಾಣದಿರಲು ಕತ್ತಲೆ ಬೇಕಿಲ್ಲ, ಹಿತ್ತಲ ಪಪ್ಪಾಯಿ ಮರ ಸಾಕು.

ಅವನ ಪಥ್ಯ ಮಾತ್ರ ಅಚ್ಚುಕಟ್ಟಾಗಿ ನಡೆಯಿತು. ಬೆಳಿಗ್ಗೆ ನಡೆದು ಬರುವ ಹೊತ್ತಿಗೆ ಹಣ್ಣು ಸುಲಿದು, ಬೀಜ ತೆಗೆದು, ಹೋಳು ಮಾಡಿ ಜಹೀರಾ ಕಾಯುತ್ತಿದ್ದಳು. ಮಧ್ಯಾಹ್ನ ಸೊಪ್ಪಿನ ಸಾರು, ರಾತ್ರಿ ತರಕಾರಿಯ ಪಲ್ಯ, ರೊಟ್ಟಿ. ನೀನೂ ಒಂದು ಹೋಳು ತಗೊ ಎಂದು ಒಮ್ಮೆ ಬಾಯಿಮಾತಿಗೆ ಹೇಳಿದ್ದ. ನಿಮ್ಮ ಔಷಧ ನಾನು ಯಾಕೆ ತಿನ್ನಲಿ ಎಂದಳು. ಅದು ಅವನಿಗೆ ಸರಿ ಎನ್ನಿಸಿತು, ಒಳಗೊಳಗೇ ಹಿತವೂ ಆಯಿತು. ಇನ್ನೊಂದು ಬೆಳಿಗ್ಗೆ, ಮಂಜು ಇನ್ನೂ ಇಳಿಯುತ್ತಿರುವಾಗ, ಅವನು ಚೀಲ ತೆಗೆದುಕೊಳ್ಳುತ್ತಿದ್ದ ಹಾಗೆ ಅವಳು ಬಾಗಿಲ ಹತ್ತಿರ ಬಂದು ನಿಂತಳು.

"ನಾನೂ ಬರ್ಲಾ? ಸೇತುವೆ ತನಕ ಸಾಕು."

"ನಿಂಗೆ ಎಂತ ಆಗಿದೆ ಈಗ?" ಎಂದ ಅವನು. "ಒಲೆ ಯಾರು ನೋಡ್ತಾರೆ? ಕಂಡವರು ಎಂತ ಅಂದ್ಕೊಳ್ಳೋದಿಲ್ಲ?"

ಅವಳು ಇನ್ನೊಂದು ಸಲ ಕೇಳಲಿಲ್ಲ. ಅವನು ಸೇತುವೆ ದಾಟಿ ಹೋದ. ಗಾಳಿ ಚೆನ್ನಾಗಿತ್ತು, ಉಸಿರು ಹಗುರವಾಗಿತ್ತು, ವಯಸ್ಸು ಹಿಂದಕ್ಕೆ ಹೋದಂತಿತ್ತು.

ಆದರೂ ಅಪ್ಪ ಬಿಡಲಿಲ್ಲ. ಬಾಗಿಲ ಬೆಂಚಿನ ಮೇಲೆ ಅವನು ಕೂರುವುದನ್ನೇ ನಿಲ್ಲಿಸಿದ್ದ. ಆದರೆ ಖಾಲಿ ತಟ್ಟೆ ಹಿಡಿದು ಹೊರಗೆ ಬರುವಾಗ ಆ ಬೆಂಚು ಒಮ್ಮೆ ಕಿರ್ ಎನ್ನುತ್ತಿತ್ತು. ಮೂಳೆ ಚೀಪುವ ಸದ್ದು ಕೇಳಿದಂತಾಗುತ್ತಿತ್ತು. ವರ್ಷ ಕಳೆದ ಹಾಗೆ ಆ ಸದ್ದು ಹತ್ತಿರವಾಯಿತು. ಅಬ್ಬಾ ಕಾಯುತ್ತಿದ್ದಾರೆ, ಮಗ ಬಂದು ಪಕ್ಕದಲ್ಲಿ ಕೂರಲಿ ಅಂತ ಜಾಗ ಬಿಟ್ಟು ಕಾಯುತ್ತಿದ್ದಾರೆ ಎಂದು ಅವನಿಗೆ ಖಾತ್ರಿಯಾಗಿತ್ತು. ಹಾಗಾಗಿ ಇನ್ನಷ್ಟು ಸೊಪ್ಪು ತಿಂದ, ಇನ್ನಷ್ಟು ದೂರ ನಡೆದ.

ಅವನು ಹುಟ್ಟಿದ್ದು ಒಂದು ರಂಜಾನಿನ ಕೊನೆಯಲ್ಲಿ ಎಂದು ಅವನ ತಾಯಿ ಹೇಳುತ್ತಿದ್ದಳು. ಎಂಬತ್ತರ ದಶಕ ಶುರುವಾಗಿ ಕೆಲವು ವರ್ಷಕ್ಕೆ, ಅವನ ಲೆಕ್ಕದಲ್ಲಿ ಐವತ್ತು ತುಂಬಬೇಕಾದ ರಂಜಾನ್ ಬಂತು. ಆ ತಿಂಗಳಿಡೀ ಅವನು ಸರಿಯಾಗಿ ಮಲಗಲಿಲ್ಲ. ಈದ್ ಚಂದ್ರ ಕಂಡಿತು. ಮಾರನೆಯ ದಿನ ನಮಾಜು ಮುಗಿಸಿ, ಹೊಸ ಅಂಗಿ ತೊಟ್ಟು, ಬಂದು ನೇರ ಬಾಗಿಲ ಬೆಂಚಿನ ಮೇಲೆ ಕೂತ. ಇನ್ನೊಂದು ತುದಿ ಕುಸಿಯಲಿಲ್ಲ. ಏನೂ ಕೇಳಿಸಲಿಲ್ಲ. ಅದು ಬರೀ ಮರದ ಬೆಂಚಾಗಿತ್ತು. ಗುಲಾಮ್ ಹುಸೇನನಿಗೆ ಅಳು ಬಂತು, ಸಂತೋಷದ ಅಳು. ಒಳಗೆ ಹೋಗಿ ಜಹೀರಾಗೆ ಹೇಳಿದ, ದಾಟಿದೆ ಎಂದು.

ಅವಳು ಅಟ್ಟದಿಂದ ದೊಡ್ಡ ಪಾತ್ರೆ ಇಳಿಸಿ, ಏಣಿ ಹಿಡಿದು ನಿಂತು ಏದುಸಿರು ಬಿಡುತ್ತಿದ್ದಳು. ಮುಖ ಊದಿತ್ತು. ಈ ಕೆಲವು ವರ್ಷಗಳಲ್ಲಿ ಅವಳು ದಪ್ಪಗಾಗಿದ್ದಳು, ಬಣ್ಣ ಕಂದಿದ್ದಳು. ಅವತ್ತು ಅವನಿಗೆ ಅದು ಮೊದಲ ಸಲ ಕಣ್ಣಿಗೆ ಬಿತ್ತು. ದಾಟಿದ ಹುಮ್ಮಸ್ಸಿನಲ್ಲಿ ಅವನು ಮೇಷ್ಟ್ರ ಹಾಗೆ ಅವಳಿಗೂ ಬುದ್ಧಿ ಹೇಳಿದ: ನೀನೂ ಸ್ವಲ್ಪ ಸೊಪ್ಪು ತಿನ್ನಬೇಕು, ಮೈ ಆಡಿಸಬೇಕು, ನನ್ನನ್ನು ನೋಡಿ ಕಲಿ. ಅವಳು ಉಸಿರು ಸಿಕ್ಕ ಮೇಲೆ ನಕ್ಕಳು. ಆ ಮಧ್ಯಾಹ್ನವೂ ಈದಿನ ಬಿರಿಯಾನಿಯ ಮೊದಲ ತಟ್ಟೆ ಪರದೆಯ ಒಳಗೆ ಹೋಯಿತು, ಖಾಲಿಯಾಗಿ ಹೊರಗೆ ಬಂತು.

ಮಳೆಗಾಲ ಕಳೆದು ಚಳಿ ಶುರುವಾಗಿತ್ತು. ಒಂದು ಮಧ್ಯಾಹ್ನ ಬೆಂಚುಗಳೆಲ್ಲ ತುಂಬಿದ್ದವು. ಗುಲಾಮ್ ಹುಸೇನ್ ತಟ್ಟೆ ಒಳಗೆ ಕೊಟ್ಟು ಹಿತ್ತಲ ಬಾಗಿಲಲ್ಲಿ ನಿಂತ. ಪಪ್ಪಾಯಿ ಮರದಲ್ಲಿ ಎರಡು ಕಾಯಿ ಹಣ್ಣಾಗಿದ್ದವು. ನಾಳೆ ಕೊಯ್ಯಬೇಕು ಎಂದುಕೊಂಡ. ಅಭ್ಯಾಸದಂತೆ ಕೈಯನ್ನು ಹಿಂದಕ್ಕೆ ಚಾಚಿದ. ತಟ್ಟೆ ಬರಲಿಲ್ಲ. ಸುಮ್ಮನೆ ನಿಂತ. ಹೊರಗೆ ತಿಮ್ಮಣ್ಣ ಯಾರಿಗೋ ಏನೋ ಹೇಳಿ ನಗುವುದು ಕೇಳಿಸಿತು. ಗಿರಾಕಿ ಕಾಯ್ತಿದಾರೆ ಎಂದು ಅವನು ತಿರುಗದೆಯೇ ಹೇಳಿದ. ಬಳೆಯ ಸದ್ದೂ ಇಲ್ಲ. ಚಾಚಿದ ಕೈ ಹಾಗೇ ಇತ್ತು. ತಿರುಗಲು ಅವನಿಗೆ ಯಾಕೋ ಧೈರ್ಯ ಬರಲಿಲ್ಲ. ಕೊನೆಗೆ ತಿರುಗಿದ.

ಜಹೀರಾ ಗೋಡೆಗೆ ಒರಗಿ ಕೂತಿದ್ದಳು. ಮಡಿಲಲ್ಲಿ ತಟ್ಟೆ, ಅರ್ಧ ಉಂಡಿದ್ದು. ಬಾಯಲ್ಲಿ ತುತ್ತು ಇನ್ನೂ ಇತ್ತು.

ಡಾಕ್ಟರು ಬಂದರು, ಅದೇ ಡಾಕ್ಟರು. ಎದೆ ನಿಂತಿದೆ ಎಂದರು. ಆಮೇಲೆ ಅವನ ಮುಖ ನೋಡದೆ, ಇವರನ್ನು ಒಂದು ಸಲವೂ ಆಸ್ಪತ್ರೆಗೆ ಕರೆದುಕೊಂಡು ಬರಲಿಲ್ಲವಲ್ಲ ಎಂದರು.

ಮುಂದಿನ ದಿನಗಳಲ್ಲಿ ಅವನು ಹೋಟೆಲಿನ ಬಾಗಿಲು ತೆಗೆಯಲಿಲ್ಲ. ಮನೆಯಲ್ಲಿ ಒಬ್ಬನೇ ಇದ್ದ. ಬೆಂಚು ಮೌನವಾಗಿತ್ತು, ಅಪ್ಪ ಎಂದೋ ಎದ್ದು ಹೋಗಿದ್ದರು. ಈಗ ಸದ್ದು ಬರುವುದು ಪರದೆಯ ಒಳಗಿನಿಂದ. ಮಧ್ಯಾಹ್ನವಾದರೆ ಬೆನ್ನ ಹಿಂದೆ ಬಳೆಗಳು ಒಂದಕ್ಕೊಂದು ತಾಗುತ್ತಿದ್ದವು. ಅವನಿಗೆ ಯಾವ ಬಾಗಿಲಿಗೂ ಬೆನ್ನು ಹಾಕಿ ನಿಲ್ಲಲು ಆಗುತ್ತಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತು ಒಂದೇ ವಿಷಯ ಯೋಚಿಸುತ್ತಿದ್ದ: ತನಗೆ ಬರಬೇಕಾದದ್ದು ದಾರಿ ತಪ್ಪಿ ಹೋಗಿಲ್ಲ. ತಟ್ಟೆ ಯಾರ ಕೈಯಲ್ಲಿದೆ ಎಂದು ನೋಡಿಕೊಂಡೇ ಬಂದಿದೆ. ತಟ್ಟೆಯನ್ನು ಕೈಗೆ ಕೊಟ್ಟವನು ನಾನು.

ಇಷ್ಟು ಹೊತ್ತುಕೊಂಡು ಮನುಷ್ಯ ಬದುಕಲಾರ. ಅದಕ್ಕೇ ಅವನು ತನಗೊಂದು ಸಮಾಧಾನ ಕಂಡುಕೊಂಡ. ಅವಳಿಗೆ ಅದು ಇಷ್ಟವಾಗಿದ್ದಿರಬೇಕು. ಇಷ್ಟವಿಲ್ಲದ್ದನ್ನು ಯಾರಾದರೂ ದಿನಾ, ವರ್ಷಗಟ್ಟಲೆ, ಒಂದಗುಳು ಬಿಡದೆ ತಿನ್ನುತ್ತಾರಾ? ತುಪ್ಪದ ಬಿರಿಯಾನಿ ಯಾರಿಗೆ ಬೇಡ? ಪಾಪ, ಬಾಯಿಬಿಟ್ಟು ಕೇಳುವ ಜಾಯಮಾನ ಅವಳದಲ್ಲ. ಆ ನೆಪದಲ್ಲಿ ದಿನಾ ಒಂದು ತಟ್ಟೆ ರುಚಿಯಾಗಿ ಉಂಡಳು. ಹೀಗೆ ಹೇಳಿಕೊಂಡ ಮೇಲೆ ಸ್ವಲ್ಪ ನಿದ್ದೆ ಬರುತ್ತಿತ್ತು.

ನಲವತ್ತನೆಯ ದಿನದ ಫಾತಿಹಾ ಬಂತು. ಆ ದಿನ ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ, ಅವರ ಹೆಸರಿನಲ್ಲಿ ಎದುರಿಗೆ ಇಟ್ಟು ಓದಿಸಿ, ಬಂದವರಿಗೆ ಹಂಚುವುದು ಪದ್ಧತಿ. ಅಡುಗೆಗೆ ಸೇರಿದ ನೆರೆಯ ಹೆಂಗಸರು, ಜಹೀರಾಗೆ ಏನು ಇಷ್ಟವಿತ್ತು ಎಂದು ಅವನನ್ನು ಕೇಳಿದರು. ಅವನು ತಡಮಾಡದೆ ಹೇಳಿದ, ಬಿರಿಯಾನಿ ಎಂದು. ತುಪ್ಪ ಧಾರಾಳ ಹಾಕಿ, ಕೊಬ್ಬಿನ ತುಂಡೂ ಇರಲಿ ಎಂದ. ಹೆಂಗಸರು ಹಾಗೇ ಮಾಡಿದರು. ಬಿಳಿ ಬಟ್ಟೆ ಹಾಸಿ, ಊದುಬತ್ತಿ ಹಚ್ಚಿ, ಮೊದಲ ತಟ್ಟೆಯನ್ನು ನಡುವೆ ಇಟ್ಟರು.

ಜಹೀರಾಳ ತಂಗಿ ಶಾಕಿರಾ ಬಂದದ್ದು ಆಗ. ಕೆರೆಕಟ್ಟೆಯಿಂದ ಬಸ್ಸು ಅಪರೂಪ, ಶೃಂಗೇರಿಯಲ್ಲಿ ಕಾದು ಇನ್ನೊಂದು ಬಸ್ಸು ಹಿಡಿದು ಬಂದಿದ್ದಳು. ಕಂಕುಳಲ್ಲಿ ಒಂದು ಬುಟ್ಟಿ. ಚಪ್ಪಲಿ ಬಿಟ್ಟು ಒಳಗೆ ಬಂದವಳು ಬಟ್ಟೆಯ ಮೇಲಿನ ತಟ್ಟೆ ನೋಡಿ ನಿಂತಳು.

"ಇದು ಯಾರಿಗೆ, ದುಲ್ಹಾಭಾಯಿ?" ಎಂದು ಭಾವನನ್ನು ಕೇಳಿದಳು.

ನಿನ್ನ ಅಕ್ಕನಿಗೆ, ಅವಳಿಗೆ ಇಷ್ಟದ್ದು ಎಂದ ಅವನು.

ಶಾಕಿರಾ ಕೋಪಿಸಿಕೊಳ್ಳಲಿಲ್ಲ. ಅವನಿಗೆ ದುಃಖದಲ್ಲಿ ತಲೆ ನಿಲ್ಲುತ್ತಿಲ್ಲ ಎಂದುಕೊಂಡಿರಬೇಕು, ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು.

"ಆಪಾಗೆ ಮಾಂಸ ಸೇರ್ತಾನೇ ಇರ್ಲಿಲ್ಲ. ವಾಸನೆಯೇ ಆಗ್ತಿರ್ಲಿಲ್ಲ. ಬಕ್ರೀದ್ ದಿನ ಅಮ್ಮಿ ಬೈದು ಒಂದು ತುಂಡು ಬಾಯಿಗೆ ಇಟ್ರೆ ಹಿತ್ತಲಿಗೆ ಹೋಗಿ ಉಗಿದು ಬರ್ತಿದ್ಲು. ಅವಳಿಗೆ ಹಣ್ಣು ಅಂದ್ರೆ ಪ್ರಾಣ. ಬೆಳಿಗ್ಗೆ ಕಾಡಂಚಿಗೆ ಹೋದ್ರೆ ಮಧ್ಯಾಹ್ನವೇ ಬರೋದು, ಅಷ್ಟು ನಡೀತಿದ್ಲು. ಮಡಿಲ ತುಂಬ ಹಣ್ಣು."

ಬುಟ್ಟಿಯಿಂದ ಅವಳು ಪೇರಳೆ ತೆಗೆದಳು, ನೆಲ್ಲಿಕಾಯಿ ತೆಗೆದಳು, ಒಂದು ದೊಡ್ಡ ಚಕ್ಕೋತ ತೆಗೆದಳು. ಒಂದೊಂದಾಗಿ ಬಿಳಿ ಬಟ್ಟೆಯ ಮೇಲೆ ಇಟ್ಟಳು.

"ಊರಿಗೆ ಬಂದಾಗ ಹೇಳಿದ್ಲು, ನಮ್ಮ ಮನೆಗೆ ದಿನಾ ಹಣ್ಣು ಬರ್ತದೆ ಶಾಕಿರಾ, ನಾನೇ ಸುಲಿಯೋದು ಅಂತ. ನಮಗೆಲ್ಲ ಖುಷಿಯಾಯ್ತು. ಚೆನ್ನಾಗಿ ತಿಂತಾಳೆ ಅಂದ್ಕೊಂಡ್ವಿ."

ಓದಿಸಲು ಕರೆದಿದ್ದ ಮಸೀದಿಯ ಹಜರತರು ಗಂಟಲು ಸರಿಪಡಿಸಿಕೊಂಡು ಓದಲು ಶುರುಮಾಡಿದರು. ಗುಲಾಮ್ ಹುಸೇನ್ ಎರಡು ಕೈಯನ್ನೂ ಎತ್ತಿ ಹಿಡಿದು ಕೂತ. ಓದು ಮುಗಿದ ಮೇಲೆ ಹಂಚುವಾಗ ಶಾಕಿರಾ ಆ ಚಕ್ಕೋತವನ್ನು ಅವನ ಮಡಿಲಿಗೇ ಇಟ್ಟಳು, ಮನೆಯ ಯಜಮಾನನ ಪಾಲು ಎಂದು. ಅವನು ಅದನ್ನು ಹಿಡಿದುಕೊಂಡು ಹಿಂದುಮುಂದು ತಿರುಗಿಸಿದ. ಇಷ್ಟು ವರ್ಷ ದಿನಾ ಹಣ್ಣು ತಿಂದವನಿಗೆ ಅದನ್ನು ಸುಲಿಯಲು ಬರಲಿಲ್ಲ. ಎಲ್ಲಿಂದ ಉಗುರು ಹಾಕಬೇಕು ಎಂದೇ ತಿಳಿಯಲಿಲ್ಲ. ಬಂದವರೆಲ್ಲ ಎದ್ದು ಹೋಗುವ ತನಕವೂ ಅವನು ಹಾಗೇ ಕೂತಿದ್ದ.

ಹೋಟೆಲನ್ನು ಅವನು ಮತ್ತೆ ತೆರೆಯಲಿಲ್ಲ. ನರಸಿಂಹರಾಜಪುರದ ಕಡೆಯವರೊಬ್ಬರು ಆ ಜಾಗ ಬಾಡಿಗೆಗೆ ತೆಗೆದುಕೊಂಡು ಬಟ್ಟೆ ಅಂಗಡಿ ಇಟ್ಟರು. ಹಿಂದಿನ ಎರಡು ಕೋಣೆ ಅವನಿಗೆ ಉಳಿದವು. ಬೆಳಿಗ್ಗೆ ನಡೆಯುವುದನ್ನು ಬಿಡಬೇಕು ಅಂತ ಅವನು ಬಹಳ ಸಲ ಅಂದುಕೊಂಡ, ಆದರೆ ಕಾಲು ತಾನಾಗಿಯೇ ಎಬ್ಬಿಸುತ್ತಿತ್ತು. ಸೇತುವೆಯ ಹತ್ತಿರ ಬಂದಾಗ ಹಿಂದೆ ಯಾರೋ ಬರುತ್ತಿರುವ ಹಾಗಾಗಿ ನಿಧಾನ ಮಾಡುತ್ತಿದ್ದ. ಹಿಂದಿನವರೂ ನಿಧಾನ ಮಾಡುತ್ತಿದ್ದರು. ತಿರುಗಿ ನೋಡಿದರೆ ಮಂಜು. ಬಾ ಎಂದು ಅವನು ಕರೆಯುತ್ತಿದ್ದ, ದಾರಿಹೋಕರು ಕೇಳಿಸಿಕೊಂಡರೂ ಈಗ ಅವನಿಗೆ ನಾಚಿಕೆಯಿರಲಿಲ್ಲ. ಎಲ್ಲಿಗೆ ಸಾಬ್ರೆ ಎಂದು ಅವನನ್ನು ಯಾರೂ ಕೇಳುತ್ತಲೂ ಇರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಹಾಗೆ ಆಸ್ಪತ್ರೆಗೆ ಬೇರೆ ಡಾಕ್ಟರು ಬಂದಿದ್ದರು. ನೆಗಡಿಗೆ ಮಾತ್ರೆ ಕೇಳಲು ಹೋದವನ ಎದೆಯನ್ನು ಅವರೂ ಕೊಳವೆ ಇಟ್ಟು ಪರೀಕ್ಷೆ ಮಾಡಿದರು. ಈ ವಯಸ್ಸಿಗೆ ಇಂಥ ಗಟ್ಟಿ ಎದೆ ನೋಡಿಲ್ಲ, ಇನ್ನೂ ಬಹಳ ವರ್ಷ ಇರುತ್ತೀರಿ ಎಂದು ಮೆಚ್ಚಿಕೊಂಡರು. ಗುಲಾಮ್ ಹುಸೇನ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಇನ್ನೂ ಎಷ್ಟು ಎಂದು ಕೇಳಿದ. ಅವನು ಯಾಕೆ ಕೇಳುತ್ತಿದ್ದಾನೆ ಎಂಬುದು ಆ ಹೊಸಬರಿಗೆ ತಿಳಿಯಲಿಲ್ಲ. ಅವರು ನಕ್ಕು, ಹೆದರಬೇಡಿ, ಬೇಕಾದಷ್ಟು ಇದೆ ಎಂದರು.